ತುಮಕೂರಿನಲ್ಲಿ ಗೆದ್ದಿದ್ದ ಗುಡಿಸಲು ಗುರುತಿನ ಪಕ್ಷ

ಮಾನ್ಯ ಸಂಪಾದಕರೇ,

ಚುನಾವಣೆ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ತುಮಕೂರು ಲೋಕಸಭಾ ಕ್ಷೇತ್ರದ ಪರಿಚಯ ಬರುತ್ತದೆ. ಕಾಂಗ್ರೆಸ್, ಬಿಜೆಪಿ, ದಳ, ಜಾತಿ ಲೆಕ್ಕಾಚಾರ, ಅಲ್ಲಿಗೆ ಮುಗಿಯಿತು. 1967ರಲ್ಲಿ ಇದೇ ಕ್ಷೇತ್ರ ಪ್ರಜಾ ಸೋಷಲಿಸ್ಟ್ ಪಕ್ಷದ ಕೆ. ಲಕ್ಕಪ್ಪ ಅವರನ್ನು ಗೆಲ್ಲಿಸಿ ದೆಹಲಿಗೆ ಕಳಿಸಿತ್ತು. ಗೆದ್ದವರ ಪಟ್ಟಿಯಲ್ಲಿ ಆ ಪಕ್ಷದ ಹೆಸರು ಸುಮ್ನೆ 'ಪಿಎಸ್‌ಪಿ' ಅಂತಿರುತ್ತದೆ. ಈಗಿನ ಹುಡುಗರಿಗೆ ಏನಂತ ಗೊತ್ತಾಗಬೇಕು?

ಅದರ ಗುರುತು ಗುಡಿಸಲು. ನಮ್ಮ ಬೀದಿಯ ಹಿರಿಯರೊಬ್ಬರು ಹುಡುಗರಾಗಿದ್ದಾಗ ಗೋಡೆ ಮೇಲೆ ಅದನ್ನು ಬರೆಯುತ್ತಿದ್ದರಂತೆ. ಕೆಮ್ಮಣ್ಣು ಕಲಸಿಕೊಂಡು, ಬೇವಿನ ಕಡ್ಡಿಯ ತುದಿ ಜಜ್ಜಿ ಕುಂಚ ಮಾಡಿಕೊಂಡು, ಎರಡು ಇಳಿಜಾರು ಗೆರೆ, ಕೆಳಗೊಂದು ಬಾಗಿಲು. ಕೂಲಿ ಕೊಡುವವರು ಯಾರೂ ಇರಲಿಲ್ಲ, ರಾತ್ರಿ ಊಟ ಯಾರ ಮನೆಯಲ್ಲಾದರೂ ಆಗುತ್ತಿತ್ತು ಅಂತಾರೆ.

1952ರಲ್ಲಿ ಜಯಪ್ರಕಾಶ್ ನಾರಾಯಣ್, ರಾಮಮನೋಹರ ಲೋಹಿಯಾ ಇದ್ದ ಸೋಷಲಿಸ್ಟ್ ಪಕ್ಷ ಮತ್ತು ಕೃಪಲಾನಿಯವರ ಕಿಸಾನ್ ಮಜ್ದೂರ್ ಪ್ರಜಾ ಪಕ್ಷ ಸೇರಿ ಹುಟ್ಟಿದ ಪಕ್ಷ ಇದು. ಎರಡೇ ವರ್ಷಕ್ಕೆ ಬಿರುಕು ಬಿಟ್ಟಿತು. 1954ರಲ್ಲಿ ಈಗಿನ ಕೇರಳದ ಕಡೆಯ ತಿರುವಾಂಕೂರು-ಕೊಚ್ಚಿ ರಾಜ್ಯದಲ್ಲಿ ಪಟ್ಟಂ ತಾಣು ಪಿಳ್ಳೆ ಅವರ ಸರ್ಕಾರ, ಅಂದರೆ ಇದೇ ಪಕ್ಷದ ಸರ್ಕಾರ, ಚಳವಳಿ ಮಾಡುತ್ತಿದ್ದವರ ಮೇಲೆ ಗುಂಡು ಹಾರಿಸಿದಾಗ ರಾಜೀನಾಮೆ ಕೊಡಿ ಅಂತ ಲೋಹಿಯಾ ಪಟ್ಟು ಹಿಡಿದರು. ಪಕ್ಷ ಕೇಳಲಿಲ್ಲ. ಮರುವರ್ಷದ ಕೊನೆಗೆ ಅವರು ಹೊರಗೆ ಬಂದು ಬೇರೆ ಪಕ್ಷ ಕಟ್ಟಿದರು. ನನ್ನ ಪ್ರಕಾರ ಲೋಹಿಯಾ ಹೇಳಿದ್ದೇ ಸರಿ. 1964ರಲ್ಲಿ ಪಕ್ಷದ ಇನ್ನೊಬ್ಬ ನಾಯಕ ಅಶೋಕ ಮೆಹ್ತಾ ಕಾಂಗ್ರೆಸ್ ಸೇರಿದರು.

ಇಷ್ಟಾದರೂ ನಮ್ಮ ಮೈಸೂರು ರಾಜ್ಯದ ಜನ ಕೈಬಿಡಲಿಲ್ಲ ನೋಡಿ. ವಿಧಾನಸಭೆಯಲ್ಲಿ 1957ರಲ್ಲಿ 18 ಸೀಟು, 1962ರಲ್ಲಿ 20, 1967ರಲ್ಲೂ 20. ವಿರೋಧ ಪಕ್ಷಗಳಲ್ಲಿ ಇದೇ ದೊಡ್ಡದು. 1968ರ ಉಪಚುನಾವಣೆಯಲ್ಲಿ ಮಂಡ್ಯದಿಂದ ಎಸ್.ಎಂ. ಕೃಷ್ಣ ಕೂಡ ಇದೇ ಪಕ್ಷದಿಂದ ಗೆದ್ದರು. ಮೂರೇ ವರ್ಷ. 1971ರಲ್ಲಿ ಲಕ್ಕಪ್ಪ, ಕೃಷ್ಣ ಇಬ್ಬರೂ ಗೆದ್ದಿದ್ದು ಕಾಂಗ್ರೆಸ್‌ನಿಂದ. ಇಂದಿರಾ ಅಲೆಯಲ್ಲಿ ರಾಜ್ಯದ 27ಕ್ಕೆ 27 ಸೀಟೂ ಆ ಕಡೆಗೇ ಹೋದವು, ದೇಶದಲ್ಲೆಲ್ಲ ಸೇರಿ ಪ್ರಜಾ ಸೋಷಲಿಸ್ಟರಿಗೆ ಸಿಕ್ಕಿದ್ದು ಎರಡು. ಅದೇ ವರ್ಷ ಇನ್ನೊಂದು ಸಮಾಜವಾದಿ ಪಕ್ಷವಾದ ಸಂಯುಕ್ತ ಸೋಷಲಿಸ್ಟ್ ಪಕ್ಷದ ಜೊತೆ ವಿಲೀನವಾಗಿ ಹೆಸರೂ ಹೋಯಿತು.

ಜನರೇ ತಿರಸ್ಕರಿಸಿದರು ಅಂತ ಈಗ ಸಲೀಸಾಗಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇಲ್ಲಿ ಮೊದಲು ಹೋದವರು ನಾಯಕರು, ಓಟು ಆಮೇಲೆ ಹೋಯಿತು. ಗೋಡೆ ಬರೆದವರನ್ನು, ಜೀತ, ಗೇಣಿ ಅಂತ ಹಳ್ಳಿ ಹಳ್ಳಿ ಸುತ್ತಿದವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ. ಆಗ ಓಟು ಹಾಕಲು 21 ವರ್ಷ ಆಗಿರಬೇಕಿತ್ತು, ಹಾಗಾಗಿ 1967ರಲ್ಲಿ ಗುಡಿಸಲಿಗೆ ಓಟು ಹಾಕಿದವರಿಗೆ ಈಗ ಎಂಬತ್ತರ ಹತ್ತಿರ ಅಥವಾ ಇನ್ನೂ ಜಾಸ್ತಿ. ಗುಬ್ಬಿ, ತಿಪಟೂರು, ಕುಣಿಗಲ್ ಕಡೆ ವರದಿಗಾರರನ್ನು ಕಳಿಸಿ ಅವರನ್ನು ಮಾತಾಡಿಸಿ. ಹಳೇ ಕರಪತ್ರ, ಸದಸ್ಯತ್ವದ ರಸೀದಿ, ಫೋಟೋ ಯಾರ ಮನೆಯಲ್ಲಿದ್ದರೂ ಕೇಳಿ ಪಡೆದು ಅಚ್ಚು ಹಾಕಿ. ಮುಂದಿನ ಚುನಾವಣೆವರೆಗೂ ಕಾಯಬೇಡಿ.

- ನಿಮ್ಮ ಓದುಗ, ತುಮಕೂರು