ಪ್ಲೇಟ್ ಮುರಿಯುವ ಮುನ್ನ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮುರಿದ ತೊಡೆಮೂಳೆಗೆ ಲೋಹದ ಪ್ಲೇಟ್ ಹಾಕುವ ಕೆಲಸವನ್ನು ಇನ್ನು ನೀನೇ ನಿಂತು ಮಾಡುತ್ತೀಯ. ಹಾಕುವ ವಿಧಾನ ಪುಸ್ತಕದಲ್ಲಿದೆ, ಅದನ್ನು ನಾನು ಬರೆಯಬೇಕಾಗಿಲ್ಲ. ಹಾಕಿದ್ದು ಯಾಕೆ ಸೋಲುತ್ತದೆ, ಸೋಲುವ ಮೊದಲೇ ಅದನ್ನು ಹೇಗೆ ಹಿಡಿಯಬೇಕು ಎನ್ನುವುದನ್ನು ಮಾತ್ರ ಬರೆಯುತ್ತೇನೆ. ಸಮಾಧಾನವಾಗಿ ಓದು.

ಯಾವ ಪ್ಲೇಟೂ ಜೀವನಪೂರ್ತಿ ಭಾರ ಹೊರಲು ಮಾಡಿದ್ದಲ್ಲ ಮಗು. ಮೂಳೆ ಕೂಡುವ ತನಕ ಜಾಗ ಕಾಯುವುದಷ್ಟೇ ಅದರ ಕೆಲಸ. ತಂತಿಯನ್ನು ಅತ್ತ ಇತ್ತ ಬಗ್ಗಿಸುತ್ತಾ ಹೋದರೆ ಕೊನೆಗೆ ಪಟ್ಟನೆ ತುಂಡಾಗುತ್ತದಲ್ಲ, ಪ್ಲೇಟ್ ಮುರಿಯುವುದೂ ಹಾಗೆಯೇ. ಪ್ರತಿ ಹೆಜ್ಜೆಗೂ ಕಣ್ಣಿಗೆ ಕಾಣದಷ್ಟು ಬಾಗಿ, ಲಕ್ಷಗಟ್ಟಲೆ ಸಲ ಬಾಗಿ, ಲೋಹ ದಣಿಯುತ್ತದೆ. ಮೂಳೆ ಬೇಗ ಕೂಡಿದರೆ ಪ್ಲೇಟ್ ಉಳಿಯಿತು, ಕೂಡದಿದ್ದರೆ ಎಷ್ಟೇ ದಪ್ಪದ ಪ್ಲೇಟಾದರೂ ಒಂದು ದಿನ ಹೋಗುತ್ತದೆ. ಆದ್ದರಿಂದ ಮುರಿದ ಪ್ಲೇಟ್ ಕಂಡಾಗ ಲೋಹವನ್ನೋ ಕಂಪನಿಯನ್ನೋ ಬೈಯಬೇಡ. ಮೂಳೆ ಯಾಕೆ ಕೂಡಲಿಲ್ಲ ಎಂದು ಕೇಳು.

ತೊಡೆಮೂಳೆಯ ನಡುಭಾಗ ಮುರಿದರೆ ಸಾಮಾನ್ಯವಾಗಿ ನೇಲ್ (ಲೋಹದ ಉದ್ದ ಸರಳು) ಹಾಕುವುದಕ್ಕೂ ಕಾರಣವಿದೆ. ನೇಲ್ ಮೂಳೆಯ ಕೊಳವೆಯೊಳಗೆ, ಭಾರ ಇಳಿಯುವ ಗೆರೆಗೆ ಹತ್ತಿರ ಕೂತು ಭಾರವನ್ನು ಮೂಳೆಯೊಂದಿಗೆ ಹಂಚಿಕೊಳ್ಳುತ್ತದೆ. ಪ್ಲೇಟ್ ಹೊರಮಗ್ಗುಲಲ್ಲಿ, ಆ ಗೆರೆಯಿಂದ ದೂರದಲ್ಲಿರುತ್ತದೆ. ನಿಂತಾಗ ತೊಡೆಮೂಳೆಯ ಹೊರಬದಿ ಎಳೆಯಲ್ಪಡುತ್ತದೆ, ಒಳಬದಿ ಒತ್ತಲ್ಪಡುತ್ತದೆ. ಒಳಬದಿಯ ಮೂಳೆ ಒಂದಕ್ಕೊಂದು ತಾಗಿದ್ದರೆ ಪ್ಲೇಟ್ ಎಳೆತ ತಡೆದರೆ ಸಾಕು. ಅಲ್ಲಿ ಮೂಳೆ ಪುಡಿಯಾಗಿ ತೆರಪು ಬಿದ್ದಿದ್ದರೆ ಪ್ಲೇಟ್ ಬಾಗಿಲ ಕೀಲಿನ ಹಾಗೆ ಪ್ರತಿ ಹೆಜ್ಜೆಗೂ ಬಾಗುತ್ತದೆ. ಆಪರೇಷನ್ ಮುಗಿಸುವ ಮೊದಲು ಒಳಬದಿಯನ್ನು ಆಪರೇಷನ್ ಕೋಣೆಯ ಎಕ್ಸ್-ರೇ ಯಂತ್ರವಾದ ಸಿ-ಆರ್ಮ್‌ನಲ್ಲಿ ಮತ್ತೊಮ್ಮೆ ನೋಡು. ಒಂದೆರಡು ಸೆಂಟಿಮೀಟರ್ ಮೂಳೆಯೇ ಇಲ್ಲದಿದ್ದರೆ ಆಗಲೇ ಬೋನ್ ಗ್ರಾಫ್ಟ್ (ಬೇರೆಡೆಯ ಮೂಳೆ ತುಂಬುವುದು) ಅಥವಾ ಒಳಬದಿಗೆ ಎರಡನೇ ಪ್ಲೇಟಿನ ಯೋಚನೆ ಮಾಡು. ಮಂಡಿಯ ಮೇಲ್ಭಾಗದ ಮುರಿತಗಳಲ್ಲಿ ಇದನ್ನು ಕಡೆಗಣಿಸಿದರೆ ಕಾಲು ನಿಧಾನವಾಗಿ ಒಳಕ್ಕೆ ವಾಲಿ, ಅದೇ ಜಾಗದಲ್ಲಿ ಪ್ಲೇಟ್ ಮುರಿಯುತ್ತದೆ.

ಎರಡು ತುಂಡಿನ ಸರಳ ಮುರಿತ ಸುಲಭ ಎಂದು ತಿಳಿಯುವುದು ದೊಡ್ಡ ತಪ್ಪು. ಮೂಳೆ ಕೂಡುವ ಬಗೆಯನ್ನು ಅಧ್ಯಯನ ಮಾಡಿದ ಪೆರೆನ್ ಕೊಟ್ಟ ಲೆಕ್ಕ ನಿನಗೆ ಗೊತ್ತಿದೆ: ಗಟ್ಟಿಮೂಳೆ ಹುಟ್ಟಬೇಕಾದರೆ ಮುರಿತದ ಜಾಗದ ಅಲುಗಾಟ ಅದರ ಅಗಲದ ಶೇ. 2ರೊಳಗಿರಬೇಕು, ಶೇ. 10ರವರೆಗೆ ಮುರಿತದ ಸುತ್ತ ಹುಟ್ಟುವ ಎಳೆಮೂಳೆಗೆ, ಅಂದರೆ ಕ್ಯಾಲಸ್‌ಗೆ ಅವಕಾಶವಿದೆ. ಈಗ ಅದನ್ನು ಮೂಳೆಗೆ ಹೊಂದಿಸಿ ನೋಡು. 1 ಮಿ.ಮೀ. ತೆರಪಿನಲ್ಲಿ ಅರ್ಧ ಮಿ.ಮೀ. ಅಲುಗಾಡಿದರೆ ಶೇ. 50 ಆಯಿತು, ಅಲ್ಲಿ ಮೂಳೆ ಹುಟ್ಟುವುದಿಲ್ಲ. ಅದೇ ಅರ್ಧ ಮಿ.ಮೀ. ಅಲುಗಾಟ 25 ಮಿ.ಮೀ. ಉದ್ದದ ಪುಡಿಮೂಳೆಯಲ್ಲಿ ಹಂಚಿಹೋದರೆ ಬರೀ ಶೇ. 2. ಹೀಗಾಗಿ ನೋಡಲು ಭಯಂಕರವಾದ ಪುಡಿಮುರಿತ ಸೇತುವೆಯಂಥ ಪ್ಲೇಟಿನ ಕೆಳಗೆ ಕೂಡಿಕೊಳ್ಳುತ್ತದೆ, ಸುಲಭ ಎನಿಸಿದ್ದು ಕೂಡದೇ ಉಳಿಯುತ್ತದೆ. ಸರಳ ಮುರಿತವನ್ನು ಪೂರ್ತಿ ಜೋಡಿಸಿ ಬಿಗಿಯಾಗಿ ಒತ್ತಬೇಕು. ಮೊದಲು ತುಂಡುಗಳನ್ನು ಒಂದಕ್ಕೊಂದು ಎಳೆದು ಒತ್ತುವ ಲ್ಯಾಗ್ ಸ್ಕ್ರೂ ಅಥವಾ ಸಾಧಾರಣ ಸ್ಕ್ರೂಗಳಿಂದ ಒತ್ತು ಕೊಡು, ಆಮೇಲೆ ಪ್ಲೇಟಿನ ತೂತಿಗೇ ತಲೆ ಕಚ್ಚಿ ಕೂರುವ ಲಾಕಿಂಗ್ ಸ್ಕ್ರೂ. ಈ ಕ್ರಮ ತಪ್ಪಿ ಎರಡೂ ಕಡೆ ಮೊದಲೇ ಲಾಕ್ ಮಾಡಿದರೆ ತೆರಪನ್ನೇ ಲಾಕ್ ಮಾಡಿದಂತಾಗುತ್ತದೆ, ಆಮೇಲೆ ಯಾವ ಸ್ಕ್ರೂ ಬಿಗಿದರೂ ಅದು ಮುಚ್ಚುವುದಿಲ್ಲ.

ಪುಡಿಮುರಿತಕ್ಕೆ ಬೇರೆಯೇ ಲೆಕ್ಕ. ಅಲ್ಲಿ ಉದ್ದವೇ ಬಲ. ಪ್ಲೇಟಿನ ಉದ್ದ ಮುರಿದ ಭಾಗದ ಎರಡು ಮೂರು ಪಟ್ಟಾದರೂ ಇರಲಿ. ಸರಳ ಮುರಿತದಲ್ಲಿ ಎಂಟು ಹತ್ತು ಪಟ್ಟು ಬೇಕು. ತೂತುಗಳಿವೆ ಎಂದು ಎಲ್ಲಕ್ಕೂ ಸ್ಕ್ರೂ ತುಂಬಬೇಡ, ಸೇತುವೆಯಾಗಿ ಹಾಕಿದ ಪ್ಲೇಟಿನಲ್ಲಿ ಅರ್ಧದಷ್ಟು ಖಾಲಿ ಇದ್ದರೇ ಒಳ್ಳೆಯದು. ಮುರಿತದ ಎರಡೂ ಪಕ್ಕಕ್ಕೆ ಒತ್ತೊತ್ತಾಗಿ ಸ್ಕ್ರೂ ಹಾಕಿ ನಡುವೆ ಒಂದೇ ತೂತು ಬಿಟ್ಟರೆ ಬಾಗುವ ಬಲವೆಲ್ಲ ಆ ಒಂದು ತೂತಿನ ಸುತ್ತ ಸೇರುತ್ತದೆ. ಮುರಿದ ಪ್ಲೇಟುಗಳ ಎಕ್ಸ್-ರೇ ಗಮನಿಸು, ಬಿರುಕು ಹೆಚ್ಚಾಗಿ ಮುರಿತದ ಎದುರಿನ ಖಾಲಿ ತೂತಿನ ಮೂಲಕವೇ ಹಾದಿರುತ್ತದೆ. ಎರಡು ಮೂರು ತೂತು ಬಿಟ್ಟಾಗ ಅದೇ ಬಾಗು ಉದ್ದಕ್ಕೂ ಹಂಚಿಹೋಗುತ್ತದೆ. ಆದರೆ ಮೂಳೆ ತೀರ ಇಲ್ಲದ ಜಾಗದಲ್ಲಿ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಉದ್ದ ಬಿಟ್ಟಷ್ಟೂ ಪ್ಲೇಟ್ ಹೆಚ್ಚು ಬಾಗುತ್ತದೆ.

ದೊಡ್ಡವರ ತೊಡೆಮೂಳೆಗೆ 4.5 ಮಿ.ಮೀ. ಸ್ಕ್ರೂ ಹಿಡಿಸುವ ಅಗಲವಾದ ಪ್ಲೇಟೇ ಬೇಕು, ಕಿರಿದಾದದ್ದು ಕೈಯಲ್ಲಿದೆ ಎಂದು ಅದನ್ನು ಹಾಕಬೇಡ. ತೊಡೆಮೂಳೆ ಮುಂದಕ್ಕೆ ಬಿಲ್ಲಿನಂತೆ ಬಾಗಿದೆ, ಉದ್ದದ ನೇರ ಪ್ಲೇಟ್ ಒಂದು ತುದಿಯಲ್ಲಿ ಕೂಡಿಕೊಂಡರೆ ಇನ್ನೊಂದು ತುದಿಯಲ್ಲಿ ಮೂಳೆಯ ಅಂಚಿಗೆ ಜಾರುತ್ತದೆ. ಅಲ್ಲಿನ ಸ್ಕ್ರೂ ಮೂಳೆಯ ನಡುವೆ ಹಾದುಹೋಗದೆ ಅಂಚನ್ನು ಸವರಿ ಹೋಗಿರುತ್ತದೆ. ಮುಂಬದಿಯ ಎಕ್ಸ್-ರೇಯಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ. ಕೆಲವೇ ವಾರಗಳಲ್ಲಿ ಪ್ಲೇಟ್ ಸ್ಕ್ರೂ ಸಮೇತ ಕಿತ್ತು ಬಂದರೆ ಕಾರಣ ಬಹುಪಾಲು ಇದೇ, ಇಲ್ಲವೇ ಸವೆದ ಮೂಳೆ. ಎರಡೂ ತುದಿಗಳ ಪಕ್ಕದ ನೋಟ ನೋಡದೆ ಗಾಯ ಮುಚ್ಚಬೇಡ.

5.0 ಮಿ.ಮೀ. ಲಾಕಿಂಗ್ ಸ್ಕ್ರೂಗೆ 4.3 ಮಿ.ಮೀ. ಡ್ರಿಲ್, 4.5 ಮಿ.ಮೀ. ಸಾಧಾರಣ ಸ್ಕ್ರೂಗೆ 3.2 ಮಿ.ಮೀ. ಲಾಕಿಂಗ್ ಸ್ಕ್ರೂಗೆ ಡ್ರಿಲ್ ಹಾಕುವಾಗ ಅದಕ್ಕೆ ದಾರಿ ತೋರುವ ಕೊಳವೆ (ಸ್ಲೀವ್) ಪ್ಲೇಟಿಗೆ ನೇರವಾಗಿ ತಿರುಗಿ ಕೂತಿರಬೇಕು. ಓರೆಯಾಗಿ ಹೋದ ಸ್ಕ್ರೂವಿನ ತಲೆ ಸರಿಯಾಗಿ ಕಚ್ಚುವುದಿಲ್ಲ, ಮುಂದೆ ತೆಗೆಯಬೇಕಾದಾಗ ಬರುವುದೂ ಇಲ್ಲ. ಕೊನೆಯ ಬಿಗಿ ಮೋಟಾರಿನಲ್ಲಿ ಬೇಡ, 4 ನ್ಯೂಟನ್ ಮೀಟರ್‌ನ ಬಿಗಿಗೆ ತಾನೇ ನಿಲ್ಲುವ ಟಾರ್ಕ್ ಹಿಡಿಯಿಂದ ಕೈಯಲ್ಲೇ ಆಗಲಿ. ಲಾಕಿಂಗ್ ಪ್ಲೇಟನ್ನು ತೂತಿನ ಜಾಗದಲ್ಲಿ ಬಗ್ಗಿಸಬೇಡ, ಒಮ್ಮೆ ಬಗ್ಗಿಸಿದ್ದನ್ನು ತಿರುಗಿ ನೆಟ್ಟಗೆ ಮಾಡಬೇಡ. ಅಷ್ಟರಲ್ಲೇ ಅದರ ಆಯಸ್ಸು ಕಡಿಮೆಯಾಗಿರುತ್ತದೆ. ಇನ್ನು, ತುಂಡುಗಳನ್ನು ಚೆನ್ನಾಗಿ ನೋಡುವ ಆಸೆಗೆ ಮೂಳೆಯ ಮೇಲಿನ ಪೊರೆ ಸುಲಿಯಬೇಡ. ಮೂಳೆಗೆ ರಕ್ತ ಬರುವ ದಾರಿಗಳಲ್ಲಿ ಅದೂ ಒಂದು.

ಭಾರ ಹಾಕುವ ಮಾತು ರೋಗಿಗೆ ಅರ್ಥವಾಗುವಂತೆ ಹೇಳು. "ಸ್ವಲ್ಪ ಭಾರ ಹಾಕಿ" ಎಂದರೆ ಒಬ್ಬರಿಗೆ ಐದು ಕಿಲೋ, ಇನ್ನೊಬ್ಬರಿಗೆ ಐವತ್ತು. ತೂಕದ ಯಂತ್ರದ ಮೇಲೆ ಆ ಕಾಲನ್ನು ಇಡಿಸಿ, 15 ಕಿಲೋ ಎಂದರೆ ಎಷ್ಟು ಎಂದು ಅವರ ಕಾಲಿಗೇ ತಿಳಿಯುವಂತೆ ಮಾಡು. ಬೀಡಿ ಸಿಗರೇಟು ಬಿಡಿಸುವುದು, ಸಕ್ಕರೆ ಕಾಯಿಲೆ ಹತೋಟಿಗೆ ತರುವುದು, ವಿಟಮಿನ್ ಡಿ ನೋಡುವುದು ಕೂಡ ಆಪರೇಷನ್ನಿನ ಭಾಗವೇ.

ಇನ್ನು ಕಾಯುವ ವಿಚಾರ, ಈ ಪತ್ರ ಬರೆದದ್ದೇ ಇದಕ್ಕಾಗಿ. ಆರು ವಾರಕ್ಕೆ, ಮೂರು ತಿಂಗಳಿಗೆ ಎಕ್ಸ್-ರೇ ತೆಗೆಸಿ ಹಳೆಯದರ ಪಕ್ಕದಲ್ಲಿಟ್ಟು ನೋಡು. ಸ್ಕ್ರೂವಿನ ಸುತ್ತ ಕಪ್ಪು ಗೆರೆ, ಪ್ಲೇಟಿನಲ್ಲಿ ಎರಡು ಮೂರು ಡಿಗ್ರಿಯ ಬಾಗು, ಒಂದೇ ಒಂದು ಸ್ಕ್ರೂ ಮುರಿದದ್ದು, ಇವೆಲ್ಲ ಮುನ್ಸೂಚನೆ. ಕಡಿಮೆಯಾಗಿದ್ದ ತೊಡೆನೋವು ಮರಳಿ ಬಂದರೆ, ಅದರಲ್ಲೂ ಎದ್ದು ಮೊದಲ ಹೆಜ್ಜೆ ಇಡುವಾಗ ಬಂದರೆ, ನೋವಿನ ಮಾತ್ರೆ ಬರೆದು ಕಳಿಸಬೇಡ. ಒಂಬತ್ತು ತಿಂಗಳಾಗದೆ ಮೂಳೆ ಕೂಡಲಿಲ್ಲ, ಅಂದರೆ ನಾನ್‌ಯೂನಿಯನ್ ಎನ್ನಬಾರದು ಎಂಬ ಮಾತನ್ನು ಹಿಡಿದುಕೊಂಡು ಕೂರಬೇಡ, ಪ್ಲೇಟಿಗೆ ಆ ಗಡುವು ಗೊತ್ತಿಲ್ಲ. ನಾಲ್ಕು ತಿಂಗಳಾದರೂ ಕ್ಯಾಲಸ್‌ನ ಸುಳಿವಿಲ್ಲ, ಒಳಬದಿ ಖಾಲಿಯಾಗಿಯೇ ಇದೆ ಎಂದಾದರೆ ಪ್ಲೇಟ್ ಇನ್ನೂ ಗಟ್ಟಿಯಿರುವಾಗಲೇ ಗ್ರಾಫ್ಟ್ ಹಾಕುವುದು ಚಿಕ್ಕ ಕೆಲಸ. ಮುರಿದ ಮೇಲೆ ಕಾಲು ವಾಲಿ, ಗಿಡ್ಡವಾಗಿ, ಅದೇ ಕೆಲಸ ಮೂರು ಪಟ್ಟಾಗುತ್ತದೆ.

ಹಾಗೂ ಮುರಿದು ಬಂದರೆ, ಇಲ್ಲ ಎಂದು ಸಾಬೀತಾಗುವವರೆಗೆ ಸೋಂಕು ಇದೆ ಎಂದೇ ತಿಳಿ. ಗಾಯ ಚೆನ್ನಾಗಿ ಒಣಗಿದೆ ಎನ್ನುವುದು ಪುರಾವೆಯಲ್ಲ. ಸಿಆರ್‌ಪಿ, ಇಎಸ್‌ಆರ್ ಎಂಬ ಉರಿಯೂತ ತೋರಿಸುವ ರಕ್ತಪರೀಕ್ಷೆ ಮಾಡಿಸು, ಸಾಧ್ಯವಿದ್ದರೆ ಎರಡು ವಾರ ಆ್ಯಂಟಿಬಯೋಟಿಕ್ ನಿಲ್ಲಿಸು. ಆಪರೇಷನ್ನಿನಲ್ಲಿ ಐದು ಕಡೆಯಿಂದ, ಪ್ರತಿ ಸಲ ಬೇರೆ ಉಪಕರಣದಲ್ಲಿ, ಆಳದ ಚೂರು ತೆಗೆದು ಎರಡು ವಾರ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಇಡಿಸು. ಹಳೆಯ ಆಪರೇಷನ್ ಟಿಪ್ಪಣಿ ತರಿಸಿ, ಸ್ಕ್ರೂ ತಲೆ ಷಟ್ಕೋನವೋ ನಕ್ಷತ್ರವೋ ತಿಳಿದು ಅದಕ್ಕೆ ತಕ್ಕ ಡ್ರೈವರ್ ಇಟ್ಟುಕೋ. ಮುರಿದ ಸ್ಕ್ರೂ ತೆಗೆಯುವ ಸೆಟ್, ತಲೆ ಕೊರೆಯಲು ಗಟ್ಟಿ ಡ್ರಿಲ್ ಟೇಬಲ್ಲಿನ ಮೇಲೆ ಬರುವ ತನಕ ಕತ್ತಿ ಹಾಕಬೇಡ. ಮುರಿದ ಪ್ಲೇಟ್ ತೆಗೆದು ಅದೇ ಅಳತೆಯ ಪ್ಲೇಟನ್ನು ಅದೇ ರೀತಿ ಹಾಕಿದರೆ ಮತ್ತೆ ಅದೇ ಆಗುತ್ತದೆ. ನಡುಭಾಗದ ಮುರಿತವಾಗಿದ್ದು ಸೋಂಕಿಲ್ಲದಿದ್ದರೆ ಮುಚ್ಚಿಹೋದ ಕೊಳವೆಯನ್ನು ಎರಡೂ ತುದಿಯಿಂದ ಬಿಡಿಸಿ, ರೀಮ್ ಮಾಡಿ (ಒಳಗೆ ಕೊರೆದು ಅಗಲಿಸಿ), ದಪ್ಪ ನೇಲ್ ಹಾಕು. ಮಂಡಿಯ ಹತ್ತಿರವಾದರೆ ಎರಡು ಪ್ಲೇಟ್, ಜೊತೆಗೆ ಸೊಂಟದ ಮೂಳೆಯ ಗ್ರಾಫ್ಟ್.

ಸಂದೇಹವಿರುವ ಎಕ್ಸ್-ರೇಗಳಿದ್ದರೆ ನನಗೆ ಕಳಿಸು. ಮುರಿದ ಜಾಗದ್ದು ಮಾತ್ರ ಬೇಡ, ಸೊಂಟದಿಂದ ಮಂಡಿಯವರೆಗೆ ಇಡೀ ತೊಡೆ ಕಾಣಬೇಕು, ಎರಡೂ ನೋಟ ಇರಬೇಕು, ಆಪರೇಷನ್ ಆದ ಮಾರನೆಯ ದಿನದ್ದೂ ಜೊತೆಗಿರಲಿ.

ಇಂತು,
ನಿನ್ನ ದೊಡ್ಡಪ್ಪ