ಪ್ರೌಢಶಾಲೆಯ ಗಣಕ ಶಿಕ್ಷಣಕ್ಕೆ ನೆರವು ಕೋರಿ ಮನವಿ

ಮಾನ್ಯರೇ,

ಶಿವಮೊಗ್ಗ ಜಿಲ್ಲೆಯ ಮಲೆನಾಡಿನಲ್ಲಿರುವ ನಮ್ಮ ಅನುದಾನಿತ ಕನ್ನಡ ಮಾಧ್ಯಮ ಪ್ರೌಢಶಾಲೆಯ ಗಣಕ ಕೊಠಡಿಯಲ್ಲಿ ಈಗ ಕೆಲಸ ಮಾಡುತ್ತಿರುವ ಯಂತ್ರಗಳು ಏಳು ಮಾತ್ರ. ಒಂಬತ್ತನೆಯ ತರಗತಿಯ 42 ಮಕ್ಕಳು ಒಂದೊಂದು ಯಂತ್ರದ ಮುಂದೆ ಆರು ಮಂದಿಯಂತೆ ಕೂರುವುದರಿಂದ, 40 ನಿಮಿಷದ ಪಿರಿಯಡ್‌ನಲ್ಲಿ ಒಬ್ಬೊಬ್ಬರ ಕೈಗೆ ಕೀಲಿಮಣೆ ಸಿಗುವುದು ಏಳು ನಿಮಿಷಕ್ಕೂ ಕಡಿಮೆ. ದಡದಲ್ಲಿ ನಿಂತು ಈಜು ಕಲಿಯಲಾಗದು. ಗೆಳತಿಯ ಹೆಗಲ ಮೇಲಿಂದ ಇಣುಕಿ ಗಣಕವನ್ನೂ ಕಲಿಯಲಾಗದು.

ಮಕ್ಕಳ ಮನೆಗಳಲ್ಲಿ ಮೊಬೈಲ್ ಇದೆ, ಅದರಲ್ಲಿ ವಿಡಿಯೊ ನೋಡುವುದು ಅವರಿಗೆ ಚೆನ್ನಾಗಿಯೇ ಗೊತ್ತಿದೆ. ಆದರೆ ಒಂದು ಅರ್ಜಿಯನ್ನು ಟೈಪ್ ಮಾಡಿ, ಹೆಸರಿಟ್ಟು ಉಳಿಸಿ, ಮರುದಿನ ಹುಡುಕಿ ತೆಗೆಯುವುದು ಗೊತ್ತಿಲ್ಲ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದರಿಂದ ಹಿಡಿದು ಪಿಯುಸಿಯ ನಂತರ ಸಿಇಟಿಯಲ್ಲಿ ಕಾಲೇಜು ಆಯ್ದುಕೊಳ್ಳುವವರೆಗೆ ಎಲ್ಲವೂ ಆನ್‌ಲೈನ್ ಆಗಿರುವ ಈ ಕಾಲದಲ್ಲಿ, ನಮ್ಮ ಮಕ್ಕಳು ಪೇಟೆಯ ಸೈಬರ್ ಸೆಂಟರಿನಲ್ಲಿ ಅಪರಿಚಿತರ ಕೈಗೆ ಆಧಾರ್ ಕಾರ್ಡನ್ನೂ ತಾಯಿಯ ಮೊಬೈಲಿಗೆ ಬಂದ ಒಟಿಪಿಯನ್ನೂ ಒಪ್ಪಿಸಿ ಬರುವುದನ್ನು ಕಂಡಾಗ ನಮಗೆ ನಿಜಕ್ಕೂ ಸಂಕಟವಾಗುತ್ತದೆ.

ನಾವು ಕನ್ನಡದಿಂದಲೇ ಆರಂಭಿಸುತ್ತೇವೆ. ಕನ್ನಡ ಗಣಕ ಕೀಲಿಮಣೆಯನ್ನು ರೂಪಿಸಿದ ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದಲ್ಲಿ ಬಳಕೆಯಲ್ಲಿರುವ ಕೀಲಿಮಣೆಯನ್ನು ಎಂಟನೆಯ ತರಗತಿಯ ಮಕ್ಕಳು ಕೆಲವೇ ವಾರಗಳಲ್ಲಿ ರೂಢಿಸಿಕೊಳ್ಳುತ್ತಾರೆ. ಒತ್ತಕ್ಷರಕ್ಕೆ ನಡುವೆ ಎಫ್ ಕೀಲಿ ಒತ್ತಬೇಕೆಂಬ ಗುಟ್ಟು ತಿಳಿದು ತಮ್ಮ ಅಜ್ಜನ ಹೆಸರು ಪರದೆಯ ಮೇಲೆ ತಪ್ಪಿಲ್ಲದೆ ಮೂಡಿದಾಗ ಅವರ ಮುಖದಲ್ಲಿ ಕಾಣುವ ಹಿಗ್ಗನ್ನು ತಾವು ಬಂದು ನೋಡಬೇಕು. ಒಂಬತ್ತನೆಯ ತರಗತಿಯವರು ಶಾಲೆಯಂಗಳದ ಮಳೆಮಾಪಕದ ಅಳತೆಯನ್ನು ದಿನವೂ ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶದ ಕೋಷ್ಟಕದಲ್ಲಿ ತುಂಬಿ, ಸರಾಸರಿ ತೆಗೆದು, ನಕ್ಷೆ ಬಿಡಿಸುತ್ತಾರೆ. ಈ ಮಳೆಗೆ ಕೊಳೆರೋಗದ ಔಷಧಿ ಯಾವಾಗ ಹೊಡೆಯಬೇಕೆಂದು ಅಡಿಕೆ ತೋಟದ ಮನೆಗಳಲ್ಲಿ ನಡೆಯುವ ಮಾತಿಗೆ ಆ ನಕ್ಷೆಯೂ ಸೇರಿಕೊಂಡಿದೆ. ಹತ್ತನೆಯ ತರಗತಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೊದಲ ಪಾಠಗಳಿವೆ. ಒಟಿಪಿಯನ್ನು ಯಾರಿಗೂ ಹೇಳಬಾರದು, ಆನ್‌ಲೈನ್ ವಂಚನೆಯಲ್ಲಿ ಹಣ ಕಳೆದುಕೊಂಡರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂಬುದನ್ನು ಮನೆಯ ಹಿರಿಯರಿಗೆ ಕಲಿಸಿ ಬರುವುದು ಎಲ್ಲ ತರಗತಿಗಳಿಗೂ ಕೊಡುವ ಮನೆಗೆಲಸ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹಿಂದೊಮ್ಮೆ ನಮಗೆ ಗಣಕಗಳು ಉಚಿತವಾಗಿ ಬಂದಿದ್ದವು. ಗುತ್ತಿಗೆಯ ಶಿಕ್ಷಕರ ಅವಧಿ ಮುಗಿದ ಮೇಲೆ ಕಲಿಸುವವರಿಲ್ಲದೆ ಅವು ಹೊದಿಕೆಯೊಳಗೇ ಉಳಿದು, ಮಳೆಗಾಲದ ತೇವಕ್ಕೆ ಕೆಟ್ಟುಹೋದವು. ಆದ್ದರಿಂದ ಈ ಮನವಿಯಲ್ಲಿ ನಾವು ಮೊದಲು ಕೇಳುತ್ತಿರುವುದು ಶಿಕ್ಷಕರ ಗೌರವಧನವನ್ನು, ಯಂತ್ರಗಳು ಅನಂತರ. ತಿಂಗಳಿಗೆ 15,000 ರೂಪಾಯಿಯಂತೆ ವರ್ಷಕ್ಕೆ 1,80,000 ರೂಪಾಯಿ ಗೌರವಧನ, ಎಂಟು ಹೊಸ ಗಣಕಗಳಿಗೆ 2,80,000 ರೂಪಾಯಿ, ಮಳೆಗಾಲದಲ್ಲಿ ಕರೆಂಟ್ ಹೋದಾಗಲೂ ಪಾಠ ನಿಲ್ಲದಿರಲು ಯುಪಿಎಸ್ ಮತ್ತು ಬ್ಯಾಟರಿಗೆ 60,000 ರೂಪಾಯಿ, ಹೀಗೆ ಒಟ್ಟು 5,20,000 ರೂಪಾಯಿ ಬೇಕಾಗಿದೆ. ತಂತ್ರಾಂಶಗಳೆಲ್ಲ ಉಚಿತವಾಗಿ ದೊರೆಯುವಂಥವಾದ್ದರಿಂದ ಅದಕ್ಕೆ ವೆಚ್ಚವಿಲ್ಲ. ಈ ಎಂಟು ಗಣಕಗಳು ಬಂದರೆ ಒಂದು ಯಂತ್ರಕ್ಕೆ ಮೂವರಿಗಿಂತ ಹೆಚ್ಚು ಮಕ್ಕಳು ಕೂರಬೇಕಾಗುವುದಿಲ್ಲ.

ದೂರದ ಊರುಗಳಲ್ಲಿ, ಪರದೇಶಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಗಣಕವನ್ನೇ ವೃತ್ತಿಯಾಗಿಸಿಕೊಂಡವರು. ಅವರು ಹಣದ ಜೊತೆಗೆ, ರಜೆಯಲ್ಲಿ ಊರಿಗೆ ಬಂದಾಗ ಒಂದೆರಡು ಪಿರಿಯಡ್ ಪಾಠವನ್ನೂ ಮಾಡಬೇಕೆಂದು ವಿನಂತಿಸುತ್ತೇವೆ. ಬಳಸಿ ಬಿಟ್ಟ ಯಂತ್ರಗಳನ್ನು ಕೊಡಬಯಸುವವರು ಅವು ಸುಸ್ಥಿತಿಯಲ್ಲಿವೆಯೇ ಎಂದು ಪರೀಕ್ಷಿಸಿ ಕಳುಹಿಸಿದರೆ ಉಪಕಾರವಾಗುತ್ತದೆ, ಏಕೆಂದರೆ ದುರಸ್ತಿಗೆ ಪ್ರತಿಸಲವೂ ಶಿವಮೊಗ್ಗಕ್ಕೆ ಹೋಗಬೇಕು.

ದೇಣಿಗೆಯನ್ನು ಶಾಲೆಯ ಹೆಸರಿನ ಚೆಕ್ ಮೂಲಕ ಅಥವಾ ಶಾಲೆಯ ಬ್ಯಾಂಕ್ ಖಾತೆಗೆ ವರ್ಗಾಯಿಸುವ ಮೂಲಕ ಸಲ್ಲಿಸಬಹುದು. ನೂರು ರೂಪಾಯಿಗೂ ರಶೀದಿ ಕೊಡಲಾಗುವುದು; ಖರ್ಚಿನ ಲೆಕ್ಕವನ್ನು ಮಾರ್ಚ್ ಕೊನೆಯಲ್ಲಿ ಶಾಲೆಯ ಸೂಚನಾಫಲಕದಲ್ಲಿ ಹಾಕಿ, ದಾನಿಗಳೆಲ್ಲರಿಗೂ ಒಂದು ಪ್ರತಿ ಕಳುಹಿಸಲಾಗುವುದು. ಆ ಲೆಕ್ಕದ ಕೋಷ್ಟಕವನ್ನು ಹತ್ತನೆಯ ತರಗತಿಯ ಮಕ್ಕಳೇ ಸಿದ್ಧಪಡಿಸುತ್ತಾರೆ.

ಇಂತಿ,
ಶಾಲಾ ಆಡಳಿತ ಮಂಡಳಿ ಮತ್ತು ಶಿಕ್ಷಕವೃಂದ