ಲಂಗರು ಕೊಳ್ಳುವ ಮುಂಚೆ ತಳದ ಮಣ್ಣು ನೋಡಿ

ಮಾನ್ಯ ಸಂಪಾದಕರೇ,

ಆಲಮಟ್ಟಿ ಹಿನ್ನೀರಿನ ದೋಣಿ ವಿಹಾರದ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿದೆ. ಲೈಫ್ ಜಾಕೆಟ್, ಎಂಜಿನ್, ಲೈಸೆನ್ಸ್ ಎಲ್ಲದರ ಬಗ್ಗೆ ಚೆನ್ನಾಗಿ ಬರೆದಿದ್ದಾರೆ. ಲಂಗರಿಗೆ ಮಾತ್ರ ಒಂದೇ ಸಾಲು, ‘ಸಾಕಷ್ಟು ಭಾರದ್ದು ಇರಬೇಕು’ ಅಂತ. ಈ ಪತ್ರ ಆ ಒಂದು ಸಾಲಿನ ಬಗ್ಗೆಯೇ.

ನಾನು ನೌಕಾಪಡೆಯಿಂದ ನಿವೃತ್ತನಾದ ಮೇಲೆ ಗೋವಾ, ಕಾರವಾರದ ಕಡೆ ಹಾಯಿದೋಣಿಗಳಲ್ಲಿ ಕೆಲಸ ಮಾಡಿದವನು. ಈಗ ಬೀಳಗಿಯಲ್ಲಿ ಹೊಲ ನೋಡಿಕೊಂಡಿದ್ದೇನೆ. ನಮ್ಮೂರಿನ ಕೆಲವು ಹುಡುಗರು ಗೋವಾದಲ್ಲಿ ಹಳೆ ಹಾಯಿದೋಣಿ ಕೊಂಡು ಕರಾವಳಿ ಸುತ್ತಬೇಕು ಅಂತಿದ್ದಾರೆ. ನನಗೆ ಬಹಳ ಖುಷಿ. ಆದರೆ ಅವರೂ ಮೊದಲು ಕೇಳೋದು ಇದನ್ನೇ: ‘ಕಾಕಾ, ಎಷ್ಟು ಕೆ.ಜಿ. ಲಂಗರು ತಗೋಬೇಕು?’

ತೂಕದ ಮಾತು ಆಮೇಲೆ, ಮೊದಲು ಲಂಗರಿನ ಆಕಾರ, ತಳದ ಮಣ್ಣು. ರಂಟಿ (ನೇಗಿಲು) ಹೊಡೆದವರಿಗೆ ಇದು ಬೇಗ ತಿಳಿಯುತ್ತದೆ. ಕುಳ ಸರಿಯಾದ ಕೋನದಲ್ಲಿ ಬೀಳದಿದ್ದರೆ ಎಷ್ಟೇ ಭಾರದ ರಂಟಿಯಾದರೂ ಮೇಲೆ ಕೆರೆದುಕೊಂಡು ಹೋಗುತ್ತದೆ, ಅಲ್ವಾ? ಬ್ರಿಟನ್ನಿನ ವಿಜ್ಞಾನಿ ಜಿ.ಐ. ಟೇಲರ್ 1933ರಲ್ಲಿ ನೇಗಿಲಿನ ಆಕಾರದಲ್ಲೇ ಲಂಗರು ಮಾಡಿದರು. ಅವರು ಸ್ವತಃ ಹಾಯಿದೋಣಿ ನಡೆಸುತ್ತಿದ್ದವರು. ಸಿಕ್ಯೂಆರ್ ಅಂತ ಅದರ ಹೆಸರು, ಹಳೆ ದೋಣಿಗಳಲ್ಲಿ ಈಗಲೂ ಕಾಣುತ್ತದೆ. ಎರಡನೇ ಮಹಾಯುದ್ಧದಲ್ಲಿ ದಡಕ್ಕೆ ಸೈನಿಕರನ್ನು ಇಳಿಸುವ ದೋಣಿಗಳಿಗೆ ಬಳಸಿದ ಡ್ಯಾನ್‌ಫೋರ್ತ್ ಬೇರೆ ಜಾತಿಯದು. ಎರಡು ಅಗಲ ಹಲಗೆ, ಹಗುರ ಮೈ. ಮರಳು, ಮೆತ್ತನೆ ಕೆಸರಿನಲ್ಲಿ ಗಟ್ಟಿ ಹಿಡಿತ. ಆದರೆ ಗಾಳಿ ದಿಕ್ಕು ಬದಲಿಸಿ ದೋಣಿ ಪೂರ್ತಿ ತಿರುಗಿದರೆ ಕಿತ್ತುಕೊಂಡು ಬರಬಹುದು. ಹಲಗೆ ನಡುವೆ ಒಂದು ಕಲ್ಲು ಸಿಕ್ಕಿಕೊಂಡರೆ ಮತ್ತೆ ಕಚ್ಚುವುದಿಲ್ಲ. ನಾಲ್ಕು ಕೊಕ್ಕೆಯ ಮಡಚುವ ಲಂಗರು ಅಗ್ಗ, ಕಾರಿನ ಡಿಕ್ಕಿಯಲ್ಲೂ ಇಡಬಹುದು. ಊಟದ ಹೊತ್ತಿಗೆ ಸಣ್ಣ ದೋಣಿ ನಿಲ್ಲಿಸೋಕೆ ಸಾಕು. ಅದನ್ನು ನಂಬಿ ರಾತ್ರಿ ಮಲಗಬೇಡಿ.

ಕರಾವಳಿ ಸುತ್ತುವವರಿಗೆ ನನ್ನ ಸಲಹೆ ಹೊಸ ಮಾದರಿಯದು. ಅಲಗು ಸಲಿಕೆಯಂತೆ ಒಳಬಾಗಿರುತ್ತದೆ, ಮೂತಿ ಚೂಪು. ರೊಕ್ನಾ, ಸ್ಪೇಡ್ ಈ ಜಾತಿಯವು. ಹೇಗೆ ಬಿದ್ದರೂ ತಿರುಗಿ ಮಣ್ಣಿಗೆ ಮೂತಿ ಹಾಕುತ್ತವೆ. ಹತ್ತು ಮೀಟರಿನ ದೋಣಿಗೆ 15 ಕೆ.ಜಿ. ಆಸುಪಾಸು, ಜೊತೆಗೆ 8 ಮಿಲಿಮೀಟರ್ ಸರಪಳಿ. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಎರಡು ಅಳತೆಯ ನಡುವೆ ಅನುಮಾನ ಬಂದರೆ ದೊಡ್ಡದನ್ನೇ ತಗೊಳ್ಳಿ. ಇನ್ನೊಂದು ಡ್ಯಾನ್‌ಫೋರ್ತ್ ಜಾತಿಯದು ಮೀಸಲು ಇರಲಿ.

ಒಳ್ಳೆ ಲಂಗರನ್ನೂ ಗಿಡ್ಡ ಹಗ್ಗ ಹಾಳು ಮಾಡುತ್ತದೆ. ಎಳೆತ ನೆಲಕ್ಕೆ ಸಮನಾಗಿ ಬರಬೇಕು, ಮೇಲಕ್ಕೆ ಎತ್ತಬಾರದು. ಐದು ಮೀಟರ್ ನೀರು, ಅದರ ಮೇಲೆ ದೋಣಿಯ ಮೂತಿ ಒಂದು ಮೀಟರ್, ಒಟ್ಟು ಆರು. ಬರೀ ಸರಪಳಿಯಾದರೆ ಅದರ ಐದು ಪಟ್ಟು, 30 ಮೀಟರ್ ಬಿಡಿ. ಹಗ್ಗ ಜಾಸ್ತಿ ಇದ್ದರೆ ಏಳು ಪಟ್ಟು. ಮೂತಿಯ ಎತ್ತರವನ್ನು, ಉಬ್ಬರದ ನೀರನ್ನು ಲೆಕ್ಕಕ್ಕೆ ಹಿಡಿಯದವರೇ ಹೆಚ್ಚು.

ಲಂಗರು ಬಿಟ್ಟ ಮೇಲೆ ಎಂಜಿನ್ ನಿಧಾನವಾಗಿ ಹಿಂದಕ್ಕೆ ಓಡಿಸಿ. ಒಬ್ಬರು ಮೂತಿಯಲ್ಲಿ ಕೂತು ಬಿಗಿಯಾದ ಸರಪಳಿಯ ಮೇಲೆ ಅಂಗೈ ಇಡಬೇಕು. ಲಂಗರು ಜಾರುತ್ತಿದ್ದರೆ ಸರಪಳಿ ಗಡಗಡ ನಡುಗುತ್ತದೆ, ಕೈಗೆ ಗೊತ್ತಾಗುತ್ತದೆ. ಕಚ್ಚಿದ್ದರೆ ಒಮ್ಮೆ ಬಿಗಿದು ಸುಮ್ನಾಗುತ್ತದೆ. ದಡದ ಮೇಲೆ ಒಂದು ಮರ, ಅದರ ಹಿಂದೆ ಒಂದು ಗುಡಿ, ಎರಡೂ ಒಂದೇ ಸಾಲಿಗೆ ಬರುವಂತೆ ನೋಡಿಟ್ಟುಕೊಳ್ಳಿ. ಗಾಳಿ ದಿಕ್ಕು ಬದಲಿಸದೆಯೂ ಆ ಸಾಲು ತಪ್ಪಿದರೆ ಲಂಗರು ಜಾರಿರಬಹುದು. ಮಲಗುವ ಮುಂಚೆ, ಲಂಗರಿಗೆ ಸರಪಳಿ ಸೇರಿಸುವ ಕೊಂಡಿಯ ಮೊಳೆಗೆ ತಂತಿ ಸುತ್ತಿದೆಯಾ ಅಂತಲೂ ನೋಡಿ. ಆ ಮೊಳೆ ತಾನಾಗಿ ಬಿಚ್ಚಿಕೊಂಡರೆ ಲಂಗರು ನೀರಲ್ಲೇ ಉಳಿಯುತ್ತದೆ.

ಇನ್ನು ನಮ್ಮ ಹಿನ್ನೀರು. ಇಲ್ಲಿ ಉಬ್ಬರ ಇಲ್ಲ, ಆದರೆ ಮಳೆಗಾಲಕ್ಕೂ ಬೇಸಿಗೆಗೂ ನೀರಿನ ಮಟ್ಟ ಎಷ್ಟೋ ಬದಲಾಗುತ್ತದೆ. ತಳದಲ್ಲಿ ಎರೆ ಮಣ್ಣಿನ ಹೊಲಗಳಿವೆ, ಅಲ್ಲಿ ಲಂಗರು ಚೆನ್ನಾಗಿ ಹೂತುಕೊಳ್ಳುತ್ತದೆ. ಅದೇ ತಳದಲ್ಲಿ ಮುಳುಗಿದ ಊರುಗಳ ಗೋಡೆ, ಬಾವಿಕಟ್ಟೆ, ಮರದ ಬೊಡ್ಡೆಗಳೂ ಇವೆ. ಅಲ್ಲಿ ಸಿಕ್ಕಿಕೊಂಡ ಲಂಗರು ಮೇಲೆ ಬರುವುದಿಲ್ಲ. ಸರಪಳಿ ಕಟ್ಟಿದ ತುದಿಗಲ್ಲ, ಅದರ ಎದುರಿನ ಅಲಗಿನ ಕಡೆಯ ತುದಿಗೆ ಬೇರೆ ತೆಳು ಹಗ್ಗ ಕಟ್ಟಿ, ಮೇಲೆ ಒಂದು ತೇಲುಬುರುಡೆ ಬಿಟ್ಟಿದ್ದರೆ ಹಿಂದಿನಿಂದ ಎಳೆದು ಬಿಡಿಸಬಹುದು. ಕಲ್ಲಿಗೆ ಹಗ್ಗ ಕಟ್ಟಿ ಅದನ್ನೇ ಲಂಗರು ಅನ್ನುವ ಬೋಟನ್ನು ಜನ ತುಂಬಿಕೊಂಡು ಹೋಗುತ್ತಿದ್ದಾಗ ಕಣ್ಣಾರೆ ನೋಡಿದ್ದೇನೆ. ಗಾಳಿಗೆ ಎಂಜಿನ್ ಕೈಕೊಟ್ಟರೆ ಆ ಕಲ್ಲು ಯಾರನ್ನೂ ಕಾಯುವುದಿಲ್ಲ.

ಬೋಟ್ ತಪಾಸಣೆ ಮಾಡುವವರಲ್ಲಿ ನನ್ನ ಬೇಡಿಕೆ ಎರಡೇ. ಲೈಫ್ ಜಾಕೆಟ್ ಎಣಿಸುವಾಗಲೇ ಲಂಗರು, ಸರಪಳಿ, ಹಗ್ಗದ ಉದ್ದವನ್ನೂ ಅಳೆದು ನೋಡಲಿ. ಜನ ಬೋಟ್ ಹತ್ತುವ ಜಾಗದಲ್ಲಿ ಮುಳುಗಿದ ಊರುಗಳ ಹಳೆ ನಕ್ಷೆ ತೂಗುಹಾಕಲಿ. ಹೊಲ ಎಲ್ಲಿತ್ತು, ಮನೆ ಎಲ್ಲಿತ್ತು, ಬಾವಿ ಎಲ್ಲಿತ್ತು ಅಂತ ಹೇಳಬಲ್ಲ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕೂರಿಸಿಕೊಂಡು ಗುರುತು ಹಾಕಿಸುವ ಕೆಲಸ ಈ ಬೇಸಿಗೆಯಲ್ಲೇ ಆಗಲಿ.

– ಒಬ್ಬ ನಿವೃತ್ತ ನಾವಿಕ, ಬೀಳಗಿ, ಬಾಗಲಕೋಟೆ ಜಿಲ್ಲೆ